ಇದ್ದ ಬಣ್ಣದ ಸುತ್ತ

ನಡುಮನೆಯಲ್ಲಿ, ಅಂದರೆ ಇಂದಿನ ಮಾತಿನಲ್ಲಿ ‘ಹಾಲ್’ ಎನಿಸಿಕೊಳ್ಳುವ ಕೋಣೆಯಲ್ಲಿ, ಸೋಫಾವೊಂದು ಮೊದಲೇ ಇದ್ದು, ಅದನ್ನು ಬದಲಾಯಿಸುವ ಶಕ್ತಿಯಾಗಲಿ ಮನಸ್ಸಾಗಲಿ ಮನೆಯವರಿಗೆ ಇಲ್ಲದಿರುವಾಗ, ಗೋಡೆಗೆ ಯಾವ ಬಣ್ಣ ಬಳಿಸಬೇಕು, ಕಿಟಕಿಗೆ ಎಂಥ ಪರದೆ ಇಳಿಬಿಡಬೇಕು, ನೆಲಕ್ಕೆ ಯಾವ ಜಮಖಾನ ಹಾಸಬೇಕು ಎಂಬುದು ಸಾಮಾನ್ಯವಾಗಿ ರುಚಿಯ ಪ್ರಶ್ನೆಯೆಂದು, ಹೆಚ್ಚೆಂದರೆ ಖರ್ಚಿನ ಪ್ರಶ್ನೆಯೆಂದು ಎಣಿಸಲ್ಪಡುತ್ತದೆ. ಬಣ್ಣದ ಅಂಗಡಿಯವರು ಕೊಟ್ಟ ಶೇಡ್ ಕಾರ್ಡನ್ನು ಸೋಫಾದ ಬಟ್ಟೆಯ ಪಕ್ಕ ಹಿಡಿದು, ಕಣ್ಣು ಕಿರಿದು ಮಾಡಿ ನೋಡುವವರಾರೂ ತಾವು ತತ್ತ್ವಶಾಸ್ತ್ರದ ಹೊಸ್ತಿಲಲ್ಲಿ ನಿಂತಿದ್ದೇವೆಂದು ಭಾವಿಸುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಅವರು ಮಾಡುತ್ತಿರುವ ಕೆಲಸವನ್ನು ಬಿಡಿಸಿ ನೋಡಿದರೆ ಅದರೊಳಗೆ ಎರಡು ಹಳೆಯ ಪ್ರಶ್ನೆಗಳು ಹೆಣೆದುಕೊಂಡಿರುವುದು ಕಾಣುತ್ತದೆ: ಬಣ್ಣವೆಂಬುದು ವಸ್ತುವಿನಲ್ಲೇ ನೆಲೆಸಿರುವ ಗುಣವೋ, ಪಕ್ಕದ ವಸ್ತುವಿನ ನೆರೆಯಿಂದ ಹುಟ್ಟುವ ತೋರಿಕೆಯೋ ಎಂಬುದು ಒಂದು, ಮೊದಲೇ ಬಂದು ಕುಳಿತಿರುವುದಕ್ಕೆ ಆಮೇಲೆ ಬರುವುದೆಲ್ಲ ಎಷ್ಟರಮಟ್ಟಿಗೆ ತಲೆಬಾಗಬೇಕು ಎಂಬುದು ಇನ್ನೊಂದು. ಎರಡನೆಯದು ಬಾಳುವೆಯ, ಆದ್ದರಿಂದ ಧರ್ಮದ ಪ್ರಶ್ನೆ. ಮೊದಲನೆಯದನ್ನು ಸ್ವಲ್ಪವಾದರೂ ಬಿಡಿಸಿಕೊಳ್ಳದೆ ಅದಕ್ಕೆ ಕೈಹಾಕಲಾಗದು.

ವೇದದ ಕರ್ಮವಾಕ್ಯಗಳ ಅರ್ಥನಿರ್ಣಯಕ್ಕಾಗಿ ಬೆಳೆದ ಪೂರ್ವಮೀಮಾಂಸಾಶಾಸ್ತ್ರದ ಪರಿಭಾಷೆಯಲ್ಲಿ, ಈಗಾಗಲೇ ಇರುವುದಕ್ಕೆ ‘ಸಿದ್ಧ’ ಎಂದೂ ಇನ್ನು ಮಾಡಬೇಕಾಗಿರುವುದಕ್ಕೆ ‘ಸಾಧ್ಯ’ ಎಂದೂ ಹೆಸರು. ಅದೇ ಶಾಸ್ತ್ರ ಇನ್ನೊಂದು ಜೋಡಿಯನ್ನೂ ಒದಗಿಸುತ್ತದೆ: ಬೇರೊಂದಕ್ಕಾಗಿ ಇರುವುದು ‘ಶೇಷ’, ಯಾವುದಕ್ಕಾಗಿ ಅದು ಇದೆಯೋ ಅದು ‘ಶೇಷಿ’. ಜೈಮಿನಿಯ ಸೂತ್ರಗಳಲ್ಲಿ ಮೂರನೆಯ ಅಧ್ಯಾಯವಿಡೀ ಈ ಶೇಷತ್ವದ ವಿಚಾರಕ್ಕೆ ಮೀಸಲಾಗಿದೆ; ರಾಮಾನುಜರು ಇದೇ ಮಾತನ್ನು ಯಜ್ಞಶಾಲೆಯಿಂದ ಎತ್ತಿಕೊಂಡು ಜೀವನು ಶೇಷ, ಈಶ್ವರನು ಶೇಷಿ ಎಂಬ ತಮ್ಮ ಸಿದ್ಧಾಂತಕ್ಕೆ ಅಡಿಗಲ್ಲಾಗಿಸಿಕೊಂಡರು. ಈ ಎರಡು ಜೋಡಿಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ ಎಂಬುದೇ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು. ಯಜ್ಞಕ್ಕೆ ತಂದ ವ್ರೀಹಿ, ಅಂದರೆ ಭತ್ತ, ಯಜ್ಞ ಆರಂಭವಾಗುವುದಕ್ಕಿಂತ ಮೊದಲೇ ಇರುತ್ತದೆ, ಆದ್ದರಿಂದ ಅದು ಸಿದ್ಧ; ಆದರೆ ಅದನ್ನು ಕುಟ್ಟುವುದು, ಕೇರುವುದು, ಹಿಟ್ಟು ಮಾಡಿ ಪುರೋಡಾಶವಾಗಿ ಬೇಯಿಸುವುದೆಲ್ಲ ಇನ್ನೂ ನಡೆಯಬೇಕಾಗಿರುವ ಯಾಗಕ್ಕಾಗಿ, ಆದ್ದರಿಂದ ಭತ್ತವು ಶೇಷವೇ ಹೊರತು ಶೇಷಿಯಲ್ಲ. ಕಾಲದಲ್ಲಿ ಮೊದಲು ಬಂದದ್ದು ಬೆಲೆಯಲ್ಲಿ ಮೊದಲನೆಯದಾಗಬೇಕಿಲ್ಲ. ಸೋಫಾ ಮೊದಲೇ ಇದೆ ಎಂಬ ಸಂಗತಿಯಿಂದ ಮನೆಯೆಲ್ಲ ಸೋಫಾಕ್ಕಾಗಿ ಇದೆ ಎಂಬ ತೀರ್ಮಾನಕ್ಕೆ ಜಾರುವುದು ಎಷ್ಟು ಸುಲಭವೆಂದರೆ, ಗೃಹಾಲಂಕಾರದ ಕುರಿತ ಬರಹಗಳಲ್ಲಿ ಬಹುಪಾಲು ಆ ಜಾರುವಿಕೆಯನ್ನು ಗಮನಿಸುವುದೇ ಇಲ್ಲ.

ಸೋಫಾ ಎಂಬ ಪದದ ಹುಟ್ಟು ಇಲ್ಲಿ ಒಂದು ಚಿಕ್ಕ ತಿರುವಿಗೆ ಅವಕಾಶ ಕೊಡುತ್ತದೆ. ಅರಬ್ಬಿಯ ‘ಸುಫ್ಫಾ’ ಎಂಬ ಮಾತು, ತುರ್ಕಿ ಭಾಷೆಯನ್ನು ಹಾದು ಯೂರೋಪಿನ ಭಾಷೆಗಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿನ ಜೊತೆ ಕನ್ನಡಕ್ಕೆ ಬಂತು. ಮೂಲದಲ್ಲಿ ಅದಕ್ಕೆ ಹಾಸುಹೊದ್ದ ಎತ್ತರದ ಕಟ್ಟೆ, ಹೆಚ್ಚುಕಡಿಮೆ ಕನ್ನಡದ ‘ಜಗಲಿ’ ಎಂಬ ಅರ್ಥವಿತ್ತು. ಮದೀನಾದಲ್ಲಿ ಪ್ರವಾದಿ ಮುಹಮ್ಮದರ ಮಸೀದಿಗೆ ಸೇರಿದ್ದ ನೆರಳುಳ್ಳ ಒಂದು ಕಟ್ಟೆಯ ಮೇಲೆ, ಮನೆಮಠವಿಲ್ಲದೆ ವಲಸೆ ಬಂದ ಬಡ ಅನುಯಾಯಿಗಳು ತಂಗುತ್ತಿದ್ದರು. ಅವರನ್ನು ‘ಅಹ್ಲ್ ಅಲ್ ಸುಫ್ಫಾ’, ಅಂದರೆ ಕಟ್ಟೆಯ ಜನ, ಎಂದು ಕರೆಯಲಾಯಿತು. ಸೂಫಿ ಎಂಬ ಹೆಸರು ಇದರಿಂದಲೇ ಬಂದಿತೆಂದು ಕೆಲವರು ಹೇಳುತ್ತಾ ಬಂದಿದ್ದರೂ, ಉಣ್ಣೆ ಎಂಬರ್ಥದ ‘ಸೂಫ್’ ಪದವೇ ಅದರ ಮೂಲವೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಏನೇ ಇರಲಿ, ಮನೆಯೇ ಇಲ್ಲದವರು ಕುಳಿತ ಕಟ್ಟೆಯ ಹೆಸರು ಇಂದು ಮನೆಯ ಅತ್ಯಂತ ದುಬಾರಿ ಆಸನದ ಹೆಸರಾಗಿದೆ, ಮತ್ತು ಆ ಆಸನದ ಬಣ್ಣ ಗೋಡೆಗೆ ಒಪ್ಪುತ್ತದೆಯೋ ಇಲ್ಲವೋ ಎಂಬುದು ಸಂಸಾರಗಳಲ್ಲಿ ವಾರಗಟ್ಟಲೆ ನಡೆಯುವ ಚರ್ಚೆಗೆ ವಸ್ತುವಾಗಿದೆ.

ಬಣ್ಣದ ವಿಚಾರಕ್ಕೆ ಬಂದರೆ, ಭಾರತೀಯ ದರ್ಶನಗಳಲ್ಲಿ ನ್ಯಾಯ ವೈಶೇಷಿಕರಷ್ಟು ತಾಳ್ಮೆಯಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ವಿರಳ. ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’, ಇಂದಿಗೂ ಕರ್ನಾಟಕದ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕಶಾಸ್ತ್ರದ ಮೊದಲ ಪುಸ್ತಕ. ಕಣ್ಣೊಂದರಿಂದಲೇ ಗ್ರಹಿಸಲಾಗುವ ಗುಣಕ್ಕೆ ‘ರೂಪ’ ಎಂದು ಹೆಸರಿಟ್ಟು, ಅದರಲ್ಲಿ ಬಿಳಿ, ನೀಲ, ಹಳದಿ, ಕೆಂಪು, ಹಸಿರು, ಕಪಿಶ ಎಂಬ ಕಂದು, ಮತ್ತು ‘ಚಿತ್ರ’ ಎಂದು 7 ಬಗೆಗಳನ್ನು ಅದು ಎಣಿಸುತ್ತದೆ. ಏಳನೆಯದೇ ಸ್ವಾರಸ್ಯದ್ದು. ಬೇರೆ ಬೇರೆ ಬಣ್ಣದ ನೂಲುಗಳಿಂದ ನೇಯ್ದ ಬಟ್ಟೆಯ ಬಣ್ಣ ಯಾವುದು ಎಂದು ಕೇಳಿದರೆ, ಯಾವ ಬಣ್ಣವೂ ಇಲ್ಲ ಎನ್ನುವಂತಿಲ್ಲ, ಏಕೆಂದರೆ ರೂಪವಿಲ್ಲದ ವಸ್ತು ಕಣ್ಣಿಗೆ ಕಾಣುವುದಿಲ್ಲ. ಕೆಂಪು ಎನ್ನುವಂತಿಲ್ಲ, ಏಕೆಂದರೆ ಹಳದಿಯೂ ಅಲ್ಲಿದೆ. ಹಲವು ಬಣ್ಣಗಳು ಇವೆ ಎನ್ನುವಂತೆಯೂ ಇಲ್ಲ, ಏಕೆಂದರೆ ರೂಪವು ‘ವ್ಯಾಪ್ಯವೃತ್ತಿ’, ಅಂದರೆ ತಾನಿರುವ ವಸ್ತುವನ್ನು ಪೂರ್ತಿ ಹಬ್ಬಿಕೊಂಡಿರುವ ಗುಣ. ಆದ್ದರಿಂದ ಬಿಡಿಬಿಡಿ ನೂಲುಗಳಲ್ಲಿ ಬೇರೆ ಬೇರೆ ಬಣ್ಣಗಳಿದ್ದರೂ ಇಡೀ ಬಟ್ಟೆಗೆ ‘ಚಿತ್ರರೂಪ’ವೆಂಬ ಒಂದೇ ಒಂದು ಹೊಸ ಬಣ್ಣವಿದೆ ಎಂಬುದು ಪ್ರಾಚೀನರ ನಿಲುವು. ನವ್ಯನೈಯಾಯಿಕರಲ್ಲಿ ಕೆಲವರು ಇದನ್ನು ಒಪ್ಪದೆ, ಬಣ್ಣವು ವಸ್ತುವಿನ ಒಂದು ಭಾಗದಲ್ಲಷ್ಟೇ ಇರಬಲ್ಲದು ಎಂದು ವಾದಿಸಿದರು. ಬೌದ್ಧರಂತೂ ಇದೇ ಬಹುವರ್ಣದ ಬಟ್ಟೆಯನ್ನು ಮುಂದಿಟ್ಟುಕೊಂಡು, ಬಿಡಿ ಭಾಗಗಳಿಗಿಂತ ಬೇರೆಯಾದ ‘ಅವಯವಿ’, ಅಂದರೆ ಇಡಿಯಾದ ವಸ್ತು, ಎಂಬುದೇ ಇಲ್ಲವೆಂದು ಸಾಧಿಸಹೊರಟರು.

ಈ ವಾದ ಒಣತರ್ಕವೆಂದು ಯಾರಿಗೆ ತೋರುತ್ತದೋ ಅವರು ಉತ್ತರ ಕರ್ನಾಟಕದ ಕೌದಿಯೊಂದನ್ನು ಹರಡಿಕೊಂಡು ನೋಡಬೇಕು. ಹಳೆಯ ಸೀರೆ, ಕುಪ್ಪಸ, ಧೋತರಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ದಪ್ಪ ದಾರದ ಓಡುಹೊಲಿಗೆ ಹಾಕಿ ಹೊಲಿದ ಕೌದಿಯಲ್ಲಿ ಯಾವ ತುಂಡಿನ ಬಣ್ಣವನ್ನೂ ಹೊಲಿಯುವವರು ಅಂಗಡಿಯಿಂದ ಆರಿಸಿ ತಂದಿರುವುದಿಲ್ಲ. ಮನೆಯಲ್ಲಿ ಹರಿದದ್ದು ಯಾವುದೋ ಅದರ ಬಣ್ಣವೇ ಅಲ್ಲಿಗೆ ಬರುತ್ತದೆ. ಆದರೂ ಒಳ್ಳೆಯ ಕೌದಿಗೆ ಒಂದು ಒಟ್ಟು ಬಣ್ಣವಿದೆಯೆಂದೂ, ಕೆಟ್ಟ ಕೌದಿಯಲ್ಲಿ ತುಂಡುಗಳು ತುಂಡುಗಳಾಗಿಯೇ ಉಳಿದಿವೆಯೆಂದೂ ಯಾವ ಕಣ್ಣೂ ಹೇಳಬಲ್ಲದು. ಚಿತ್ರರೂಪವನ್ನು ಬೇರೆ ಬಣ್ಣವೆಂದು ಎಣಿಸಿದ ಪ್ರಾಚೀನರು ಈ ಅನುಭವಕ್ಕೇ ಹೆಸರಿಟ್ಟರೆನ್ನಬಹುದು. ಹೊಂದಿಕೊಂಡ ನಡುಮನೆಗೂ ಇಂಥದೇ ಒಂದು ಏಳನೆಯ ಬಣ್ಣವಿರುತ್ತದೆ. ಅದು ಸೋಫಾದ್ದೂ ಅಲ್ಲ, ಗೋಡೆಯದೂ ಅಲ್ಲ. ಕೋಣೆಯನ್ನು ನೈಯಾಯಿಕರು ಅವಯವಿಯೆಂದು ಒಪ್ಪಲಾರರು, ಏಕೆಂದರೆ ಸೋಫಾ ಮತ್ತು ಗೋಡೆಗಳ ನಡುವಿನದು ನೂಲು ಮತ್ತು ಬಟ್ಟೆಗಳ ನಡುವಿನ ಸಮವಾಯ, ಅಂದರೆ ಬೇರ್ಪಡಿಸಲಾಗದ, ಸಂಬಂಧವಲ್ಲ. ಆದರೆ ಹೋಲಿಕೆಗೆ ಇಷ್ಟು ಸಲುಗೆಯನ್ನು ಅವರೂ ಕೊಟ್ಟಾರು.

ಬಣ್ಣವು ವಸ್ತುವಿನಲ್ಲೇ ಇರುವ ಗುಣವೆಂಬ ನ್ಯಾಯದ ನಿಲುವಿಗೆ ಎದುರಾಗಿ, ಒಂದರ ಬಣ್ಣ ಇನ್ನೊಂದರ ಮೇಲೆ ತೋರುವ ಪ್ರಸಂಗವನ್ನು ವೇದಾಂತಿಗಳು ಮತ್ತು ಸಾಂಖ್ಯರು ಬಹಳ ಹಿಂದೆಯೇ ಗಮನಿಸಿದ್ದರು. ದಾಸವಾಳದ ಪಕ್ಕ ಇಟ್ಟ ಸ್ಫಟಿಕ ಕೆಂಪಾಗಿ ತೋರುತ್ತದೆ. ಆ ಕೆಂಪು ಸ್ಫಟಿಕದ್ದಲ್ಲ, ಹೂವನ್ನು ಸರಿಸಿದರೆ ಹೋಗಿಬಿಡುತ್ತದೆ. ಹೀಗೆ ಹತ್ತಿರ ನಿಂತು ತನ್ನ ಧರ್ಮವನ್ನು ಇನ್ನೊಂದರ ಮೇಲೆ ಇರಿಸುವುದಕ್ಕೆ ‘ಉಪಾಧಿ’ ಎಂಬ ಹೆಸರು ಬಂತು, ಮತ್ತು ಬಣ್ಣವಿಲ್ಲದ ಆತ್ಮವು ಬುದ್ಧಿಯ ನೆರೆಯಿಂದ ಸುಖಿ, ದುಃಖಿ ಎಂಬಂತೆ ತೋರುವುದನ್ನು ವಿವರಿಸಲು ಅದು ಸಿದ್ಧ ದೃಷ್ಟಾಂತವಾಯಿತು. ಆದರೆ ಸ್ಫಟಿಕ ಪಾರದರ್ಶಕವಾದದ್ದು. ತಮ್ಮದೇ ಬಣ್ಣವುಳ್ಳ ಎರಡು ವಸ್ತುಗಳು ಪಕ್ಕಪಕ್ಕ ಬಂದಾಗ ಏನಾಗುತ್ತದೆ ಎಂಬುದನ್ನು ಈ ದೃಷ್ಟಾಂತ ಮುಟ್ಟುವುದಿಲ್ಲ, ಮತ್ತು ನಡುಮನೆಯ ಕಷ್ಟವಿರುವುದು ಅಲ್ಲಿಯೇ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಪ್ಯಾರಿಸಿನ ಒಂದು ಬಣ್ಣಗಾರಿಕೆಯ ಮನೆಯಲ್ಲಿ. ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ (1786–1889) ರಾಜ್ಯದ ಒಡೆತನದ ಗೊಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣ ವಿಭಾಗಕ್ಕೆ 1824ರಲ್ಲಿ ನಿರ್ದೇಶಕನಾಗಿ ಬಂದಾಗ, ಅಲ್ಲಿಯ ಕಪ್ಪು ನೂಲು ಗಟ್ಟಿಯಾಗಿಲ್ಲ, ಮಂಕಾಗಿ ಕಾಣುತ್ತದೆ ಎಂಬ ದೂರು ಅವನ ಮುಂದೆ ಬಂತು. ಬೇರೆ ಕಾರ್ಖಾನೆಗಳ ಕಪ್ಪು ನೂಲಿನ ಜೊತೆ ಹೋಲಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪನ್ನು ನೀಲಿ ಮತ್ತು ನೇರಳೆಗಳ ಪಕ್ಕ ನೇಯುತ್ತಿದ್ದುದರಿಂದಲೇ ಅದು ಬಲಗುಂದಿದಂತೆ ತೋರುತ್ತಿತ್ತು. ಆ ಸುಳಿವನ್ನು ಹಿಡಿದು ವರ್ಷಗಟ್ಟಲೆ ಪ್ರಯೋಗ ನಡೆಸಿ ಅವನು 1839ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ಸಾರವಿಷ್ಟು: ಪಕ್ಕಪಕ್ಕದ ಎರಡು ಬಣ್ಣಗಳನ್ನು ಕಣ್ಣು ಒಟ್ಟಿಗೆ ಕಂಡಾಗ ಅವು ಸಾಧ್ಯವಾದಷ್ಟು ಒಂದಕ್ಕೊಂದು ಬೇರೆಯಾಗಿ ತೋರುತ್ತವೆ, ಪ್ರತಿಯೊಂದೂ ತನ್ನ ಎದುರುಬಣ್ಣದ ಛಾಯೆಯನ್ನು ನೆರೆಯದರ ಮೇಲೆ ಚೆಲ್ಲುತ್ತದೆ. ಕೆಂಪು ಸೋಫಾದ ಹಿಂದಿನ ಬೂದು ಗೋಡೆ ಹಸಿರಿನ ಕಡೆಗೆ ವಾಲಿದಂತೆ ಕಾಣುವುದು ಇದರಿಂದ. ದಾಸವಾಳ ಸ್ಫಟಿಕಕ್ಕೆ ತನ್ನ ಬಣ್ಣವನ್ನೇ ಕೊಡುತ್ತದೆ. ಸೋಫಾ ಗೋಡೆಗೆ ತಾನಲ್ಲದ್ದನ್ನು ಕೊಡುತ್ತದೆ.

ಶೆವ್ರಲ್ ಪೀಠೋಪಕರಣಗಳ ಮಾತನ್ನೂ ಬಿಡಲಿಲ್ಲ. ಅವನ ಕಾಲದ ಸಿರಿವಂತರು ಮಹಾಗನಿ ಮರದ ಕುರ್ಚಿಗಳಿಗೆ ಕಡುಗೆಂಪು ಬಟ್ಟೆ ಹೊದಿಸುವುದನ್ನು ಆತ ತಪ್ಪೆಂದು ತೋರಿಸಿದ. ಬಟ್ಟೆಯ ತೀವ್ರವಾದ ಕೆಂಪಿನ ಪಕ್ಕ ಮರದ ಸಹಜವಾದ ಕೆಂಪು ಅಡಗಿಹೋಗಿ, ದುಬಾರಿ ಮಹಾಗನಿಯು ಸಾಧಾರಣ ಮರದಂತೆ ಕಾಣುತ್ತದೆ ಎಂಬುದು ಅವನ ಆಕ್ಷೇಪ. ಬೀಟೆಮರದ ಸೋಫಾ ಸೆಟ್ಟಿಗೆ ಮರೂನ್ ಬಣ್ಣದ ಮಖಮಲ್ ದಿಂಬುಗಳನ್ನು ಇಡುವ ಮನೆಗಳು ಕರ್ನಾಟಕದಲ್ಲಿ ಇಂದಿಗೂ ಕಡಮೆಯಿಲ್ಲವಾದ್ದರಿಂದ ಈ ಮಾತು ಇಲ್ಲಿಗೂ ಸಲ್ಲುತ್ತದೆ. ಹೊಂದಿಸಬೇಕೆಂಬ ಆತುರದಲ್ಲಿ ಅದೇ ಬಣ್ಣವನ್ನು ಮತ್ತೆ ಮತ್ತೆ ತಂದಿಡುವುದು ಇದ್ದ ಬಣ್ಣಕ್ಕೆ ಸಲ್ಲಿಸುವ ಗೌರವದಂತೆ ತೋರುತ್ತದೆ; ಪರಿಣಾಮದಲ್ಲಿ ಅದು ಆ ಬಣ್ಣವನ್ನು ಕೊಲ್ಲುವ ದಾರಿ.

ಇದರಿಂದ ಹೊರಡುವ ತಾತ್ತ್ವಿಕ ಫಲಿತವನ್ನು ಸ್ಪಷ್ಟವಾಗಿ ಹೇಳಿಕೊಳ್ಳಬೇಕು. ‘ಸೋಫಾ ಸಿದ್ಧ, ಉಳಿದದ್ದು ಸಾಧ್ಯ’ ಎಂಬ ಮಾತು ಸೋಫಾ ಎಂಬ ವಸ್ತುವಿಗೆ ಸಲ್ಲುತ್ತದೆಯೇ ಹೊರತು ಅದರ ಬಣ್ಣಕ್ಕೆ ಪೂರ್ತಿಯಾಗಿ ಸಲ್ಲುವುದಿಲ್ಲ. ಬಿಳಿ ಗೋಡೆಯ ಮುಂದೆ ಜೋಲುಮುಖ ಹಾಕಿಕೊಂಡಂತಿದ್ದ ಕಂದು ಸೋಫಾ, ಅದೇ ಗೋಡೆಗೆ ಮಾಸಲು ನೀಲಿ ಬಳಿದ ಮರುದಿನ ಕೆಂಪುಮಣ್ಣಿನ ಬಿಸುಪನ್ನು ಪಡೆಯುತ್ತದೆ. ಬಟ್ಟೆಯ ಒಂದು ಎಳೆಯೂ ಬದಲಾಗಿರುವುದಿಲ್ಲ. ಹೀಗಿರುವಾಗ ಯಾವುದಕ್ಕೆ ಹೊಂದಿಸಬೇಕೆಂದು ಹೊರಟೆವೋ ಆ ಬಣ್ಣವೇ ಹೊಂದಿಸುವ ಕ್ರಿಯೆಯಲ್ಲಿ ರೂಪುಗೊಳ್ಳುತ್ತಿರುತ್ತದೆ. ಇದ್ದದ್ದು ತನ್ನ ಪೂರ್ತಿ ಮುಖವನ್ನು ತೋರಿಸುವುದು ಅದರ ಪಕ್ಕಕ್ಕೆ ಬಂದದ್ದರ ಮೂಲಕ. ನೈಯಾಯಿಕರು ಇಲ್ಲಿ, ಬದಲಾದದ್ದು ತೋರಿಕೆ, ರೂಪವಲ್ಲ ಎಂದು ಆಕ್ಷೇಪಿಸಬಹುದು, ಮತ್ತು ಆ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ನಡುಮನೆಯಲ್ಲಿ ಬಾಳುವವರು ತೋರಿಕೆಯೊಂದಿಗೇ ಬಾಳಬೇಕಾಗಿರುವುದರಿಂದ, ತೋರಿಕೆಗೂ ಒಂದು ವ್ಯಾವಹಾರಿಕ ಸತ್ಯವನ್ನು ಅವರು ಒಪ್ಪಿಕೊಂಡಿರಲೇಬೇಕು.

ಬೆಳಕಿನ ಸಂಗತಿ ಇದನ್ನು ಇನ್ನಷ್ಟು ತೊಡಕಾಗಿಸುತ್ತದೆ. ಕಣ್ಣು ಬಣ್ಣವನ್ನು ಕಾಣಲು ಬೆಳಕಿನ ಸಂಯೋಗ ಬೇಕೆಂದು ನ್ಯಾಯವೂ ಹೇಳುತ್ತದೆ, ಆದರೆ ಎಂಥ ಬೆಳಕು ಎಂದು ಅದು ಕೇಳಿಕೊಂಡಂತಿಲ್ಲ. ಎರಡು ಬಟ್ಟೆಗಳಿಗೆ ಹಾಕಿದ ಬಣ್ಣದ ದ್ರವ್ಯಗಳು ಬೇರೆ ಬೇರೆಯಾಗಿದ್ದರೆ, ಒಂದು ಬೆಳಕಿನಲ್ಲಿ ತದ್ರೂಪವಾಗಿ ಕಂಡವು ಇನ್ನೊಂದರಲ್ಲಿ ಬೇರೆಯಾಗಿ ಕಾಣಬಲ್ಲವು; ಇದಕ್ಕೆ ವಿಜ್ಞಾನಿಗಳು ‘ಮೆಟಾಮೆರಿಸಂ’ ಎನ್ನುತ್ತಾರೆ. ಸೀರೆ ಕೊಳ್ಳುವ ಹೆಂಗಸರು ಅದನ್ನು ಅಂಗಡಿಯ ಬಾಗಿಲಿಗೆ ಒಯ್ದು ಹಗಲ ಬೆಳಕಿಗೆ ಹಿಡಿದು ನೋಡುವುದು ಈ ಹೆಸರು ಗೊತ್ತಿಲ್ಲದೆಯೇ ರೂಢಿಸಿಕೊಂಡ ಜಾಣತನ. ನಡುಮನೆಯಾದರೋ ಹೆಚ್ಚಾಗಿ ದೀಪ ಹಚ್ಚಿದ ಮೇಲೆ ಜನ ಕೂರುವ ಜಾಗ, ಆದ್ದರಿಂದ ಅಲ್ಲಿ ಹಗಲ ಬೆಳಕೇ ಪ್ರಮಾಣವೆನ್ನಲು ಆಗದು. ಗೋಡೆಯ ಬಣ್ಣಕ್ಕೆ ಶೇಕಡ 60, ಸೋಫಾದಂಥ ದೊಡ್ಡ ವಸ್ತುವಿಗೆ 30, ದಿಂಬು ಮುಂತಾದವಕ್ಕೆ 10 ಎಂದು ಅಲಂಕಾರದ ಕಸುಬಿನವರು ಹೇಳುವ ಪ್ರಮಾಣ ಕೈಗೆ ಒಂದು ಅಂದಾಜನ್ನು ಕೊಡುತ್ತದೆ, ಅಷ್ಟೇ.

ಇನ್ನು ಎರಡನೆಯ ಪ್ರಶ್ನೆ, ಮೊದಲೇ ಇರುವುದಕ್ಕೆ ಉಳಿದದ್ದು ಎಷ್ಟು ತಲೆಬಾಗಬೇಕೆಂಬುದು. ಒಂದು ಬಣ್ಣದ ಸುತ್ತ ಇಡೀ ಕೋಣೆಯನ್ನು ಹೊಂದಿಸಹೊರಟವರಲ್ಲಿ ದಾಖಲೆ ಬಿಟ್ಟುಹೋದ ಪ್ರಸಿದ್ಧ ವ್ಯಕ್ತಿಯೆಂದರೆ ಫ್ರೆಂಚ್ ದಾರ್ಶನಿಕ ಡೆನಿ ದಿದೆರೊ (1713–1784). 1751ರಿಂದ ಹೊರಬರತೊಡಗಿದ ಮಹಾ ವಿಶ್ವಕೋಶದ ಸಂಪಾದಕನಾಗಿ ದಶಕಗಳ ಕಾಲ ದುಡಿದು, ಹಣದ ಮುಗ್ಗಟ್ಟಿನಲ್ಲೇ ಬಾಳಿದ ಅವನು, ತನ್ನ ಗ್ರಂಥಭಂಡಾರವನ್ನು 1765ರಲ್ಲಿ ರಷ್ಯದ ಮಹಾರಾಣಿ ಕ್ಯಾಥರೀನ್ ಕೊಂಡುಕೊಂಡು ಅವನನ್ನೇ ಅದರ ಪಾಲಕನನ್ನಾಗಿ ನೇಮಿಸಿದ ಮೇಲೆ ಸ್ವಲ್ಪ ಉಸಿರಾಡಿದ. 1769ರಲ್ಲಿ ಅವನು ತನ್ನ ಹಳೆಯ ನಿಲುವಂಗಿಯನ್ನು ಕಳೆದುಕೊಂಡದ್ದಕ್ಕಾಗಿ ಮರುಗಿ ಒಂದು ಪುಟ್ಟ ಪ್ರಬಂಧ ಬರೆದ. ಮನೆಯಲ್ಲಿ ತೊಡುವ ಆ ಹಳೆಯ ಅಂಗಿಗೆ ಶಾಯಿಯ ಗೀರುಗಳು ಬಿದ್ದಿದ್ದವು, ಪುಸ್ತಕದ ಧೂಳನ್ನು ಅದರ ಅಂಚಿನಿಂದಲೇ ಒರಸಬಹುದಾಗಿತ್ತು. ಅದರ ಜಾಗಕ್ಕೆ ಬಂದ ಹೊಸ ಅಂಗಿ ಕಡುಗೆಂಪಿನದು. ಅದನ್ನು ತೊಟ್ಟು ಕೋಣೆಯ ನಡುವೆ ನಿಂತಾಗ ಸುತ್ತಲಿನ ಒಂದೊಂದು ವಸ್ತುವೂ ಅದಕ್ಕೆ ಒಪ್ಪದಂತೆ ಕಾಣತೊಡಗಿತು. ಹುಲ್ಲು ಹೆಣೆದ ಕುರ್ಚಿ ಹೋಗಿ ಮೊರಾಕೊ ಚರ್ಮದ ಆರಾಮಕುರ್ಚಿ ಬಂತು. ಹೋಮರ್, ವರ್ಜಿಲ್, ಸಿಸೆರೊ ಮೊದಲಾದವರನ್ನು ಹೊತ್ತು ಬಾಗಿದ್ದ ಹಲಗೆ ಹೋಗಿ ಚಿತ್ತಾರದ ಬೀರು ಬಂತು. ಹಳೆಯ ಮೇಜು, ಗೋಡೆಯ ಮೇಲಿನ ಅಚ್ಚುಚಿತ್ರಗಳು ಒಂದರ ಹಿಂದೊಂದು ಹೊರನಡೆದವು. ಹಳೆಯ ಅಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾಗಿದ್ದೇನೆ ಎಂಬುದು ಅವನ ಅಳಲಿನ ತಿರುಳು. ಪ್ಯಾರಿಸಿನಲ್ಲಿ ಸಾಹಿತ್ಯಗೋಷ್ಠಿಗಳನ್ನು ನಡೆಸುತ್ತಿದ್ದ ಮದಾಂ ಜಿಯೋಫ್ರಾಂ ಎಂಬ ಮಹಿಳೆಯ ಔದಾರ್ಯವೇ ಈ ಸಡಗರದ ಹಿಂದಿತ್ತೆಂದು ಹೇಳಲಾಗುತ್ತದೆ. ಹಾಗಾದರೆ ಕಾಣಿಕೆಯೊಂದು ಕೊಟ್ಟವರಿಗೂ ತಿಳಿಯದಂತೆ ಪಡೆದವನನ್ನು ಬೇಟೆಯಾಡಿತು. 1988ರಲ್ಲಿ ಗ್ರಾಂಟ್ ಮೆಕ್ರ್ಯಾಕನ್ ಎಂಬ ಕೆನಡಾದ ಮಾನವಶಾಸ್ತ್ರಜ್ಞ, ಒಂದು ಹೊಸ ವಸ್ತು ತನಗೊಪ್ಪುವ ಇತರ ವಸ್ತುಗಳನ್ನು ಎಳೆದು ತರುವ ಈ ಪ್ರವೃತ್ತಿಗೆ ‘ದಿದೆರೊ ಪರಿಣಾಮ’ ಎಂದು ಹೆಸರಿಟ್ಟ.

ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಶೇಷವಾಗಿರಬೇಕಾಗಿದ್ದ ಅಂಗಿ ಶೇಷಿಯಾಗಿ, ಅದನ್ನು ತೊಡುವವನು ಅದರ ಶೇಷವಾದ. ಇಲ್ಲಿ ಎಚ್ಚರದಿಂದ ಗಮನಿಸಬೇಕಾದ ಸೂಕ್ಷ್ಮವೆಂದರೆ, ದಿದೆರೊ ಮಾಡಿದ ಕೆಲಸಕ್ಕೂ ಹಳೆಯ ಸೋಫಾದ ಸುತ್ತ ಕೋಣೆ ಹೊಂದಿಸುವ ಸಂಸಾರಸ್ಥರ ಕೆಲಸಕ್ಕೂ ಹೊರಗಿನ ಆಕಾರ ಒಂದೇ: ಎರಡರಲ್ಲೂ ಒಂದು ಬಣ್ಣ ನಡುವೆ ನಿಂತಿದೆ, ಉಳಿದವು ಅದನ್ನು ಅನುಸರಿಸುತ್ತವೆ. ಭೇದವಿರುವುದು ನಡುವೆ ನಿಂತದ್ದು ಹೊಸದೋ ಹಳೆಯದೋ ಎಂಬಲ್ಲಿ. ಹೊಸದು ನಡುವೆ ನಿಂತಾಗ ಇದ್ದದ್ದೆಲ್ಲ ಸಾಲದಾಗುತ್ತದೆ, ಬಯಕೆಗೆ ಎಲ್ಲೆಯಿರುವುದಿಲ್ಲ. ಹಳೆಯದು ನಡುವೆ ನಿಂತಾಗ ಅದೇ ಒಂದು ಎಲ್ಲೆಯಾಗುತ್ತದೆ. ಅಂಗಡಿಯಲ್ಲಿ ಕಣ್ಸೆಳೆದ ನೂರು ಪರದೆಗಳಲ್ಲಿ ತೊಂಬತ್ತನ್ನು ‘ನಮ್ಮ ಸೋಫಾಕ್ಕೆ ಇದು ಸೇರುವುದಿಲ್ಲ’ ಎಂಬ ಒಂದೇ ಮಾತು ಬದಿಗೆ ಸರಿಸುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಜನ ಹಣಕಾಸಿನ ಬುದ್ಧಿವಾದವೆಂದೇ ಕೇಳುತ್ತಾರೆ, ಆದರೆ ಅದರಲ್ಲಿ ಅಳತೆಗೋಲಾಗಿರುವುದು ಮೊದಲೇ ಹಾಸಿರುವ ಹಾಸಿಗೆ ಎಂಬುದು ನೆನಪಿಡತಕ್ಕದ್ದು.

ಇಂಥ ಎಲ್ಲೆಗೆ ಶಾಸ್ತ್ರಗಳಲ್ಲೂ ಹೆಸರಿದೆ. ಯೋಗಸೂತ್ರದ ಐದು ಯಮಗಳಲ್ಲಿ ಕೊನೆಯದು ಅಪರಿಗ್ರಹ, ಅಂದರೆ ಬೇಡದ್ದನ್ನು ಕೂಡಿಹಾಕಿಕೊಳ್ಳದಿರುವುದು. ನಿಯಮಗಳಲ್ಲಿ ಎರಡನೆಯದು ಸಂತೋಷ, ಅಲ್ಲಿ ಅದರ ಅರ್ಥ ನಲಿವು ಎಂದಲ್ಲ, ಇರುವುದು ಸಾಕೆಂಬ ತೃಪ್ತಿ. ಜೈನರು ಅಪರಿಗ್ರಹವನ್ನು ಐದನೆಯ ವ್ರತವಾಗಿಟ್ಟುಕೊಂಡು, ಮುನಿಗಳಿಗೆ ಅದನ್ನು ಪೂರ್ತಿಯಾಗಿಯೂ ಶ್ರಾವಕರಿಗೆ, ಅಂದರೆ ಗೃಹಸ್ಥರಿಗೆ, ‘ಪರಿಗ್ರಹಪರಿಮಾಣ’ವಾಗಿಯೂ ವಿಧಿಸಿದರು: ತನಗೆ ಎಷ್ಟು ಹೊಲ, ಎಷ್ಟು ಚಿನ್ನ, ಎಷ್ಟು ಪಾತ್ರೆಪಡಗ ಸಾಕು ಎಂದು ಗೃಹಸ್ಥನು ತಾನೇ ಒಂದು ಗೆರೆ ಎಳೆದುಕೊಳ್ಳುವುದು. ಸೋಫಾ ಬೇಡವೆನ್ನುವುದು ಮುನಿಯ ದಾರಿ. ಸೋಫಾ ಇದೆ, ಇದರಾಚೆ ಬೇಡ ಎನ್ನುವುದು ಶ್ರಾವಕನ ದಾರಿ.

ಜೈನರಲ್ಲೇ ಬಣ್ಣ ಮತ್ತು ಬಯಕೆಗಳನ್ನು ನೇರವಾಗಿ ಕೂಡಿಸುವ ಒಂದು ಸಿದ್ಧಾಂತವಿದೆ, ಮತ್ತು ಪ್ರಸ್ತುತ ವಿಷಯದ ಬೇರು ಅಲ್ಲಿ ಸಿಗುತ್ತದೆ. ಮನಸ್ಸು, ಮಾತು, ಮೈಗಳ ಚಲನೆಯು ಕ್ರೋಧ, ಲೋಭ ಮೊದಲಾದ ‘ಕಷಾಯ’ಗಳಿಂದ ಬಣ್ಣಗೊಂಡಾಗ ಜೀವಕ್ಕೆ ಹತ್ತುವ ಲೇಪಕ್ಕೆ ‘ಲೇಶ್ಯೆ’ ಎಂದು ಹೆಸರು. ಕಷಾಯವೆಂಬ ಮಾತಿಗೆ ತೊಗಟೆ, ಬೇರುಗಳನ್ನು ಕುದಿಸಿ ಬಟ್ಟೆಗೆ ಬಣ್ಣ ಹಿಡಿಸುವ ರಸವೆಂಬ ಅರ್ಥವೂ ಉಂಟೆಂಬುದು ಇಲ್ಲಿ ಆಕಸ್ಮಿಕವಲ್ಲ. ಕೃಷ್ಣ, ನೀಲ, ಕಪೋತ ಎಂಬ ಪಾರಿವಾಳದ ಬೂದು, ತೇಜಸ್ಸು, ಪದ್ಮ, ಶುಕ್ಲ ಎಂದು ಲೇಶ್ಯೆಗಳು 6. ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರನು ಹತ್ತನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ, ಹದಿನಾಲ್ಕನೆಯ ಶತಮಾನದಲ್ಲಿ ಕೇಶವವರ್ಣಿಯು ಕನ್ನಡದಲ್ಲಿ ವೃತ್ತಿ ಬರೆದ ‘ಗೊಮ್ಮಟಸಾರ’ದಲ್ಲಿ ಇವನ್ನು ವಿವರಿಸಲು ಒಂದು ದೃಷ್ಟಾಂತ ಬರುತ್ತದೆ. ಕಾಡಿನಲ್ಲಿ ದಾರಿತಪ್ಪಿದ ಆರು ಜನ ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಮೊದಲನೆಯವನು ಮರವನ್ನು ಬೇರುಸಹಿತ ಕೀಳಬೇಕೆಂದು ಯೋಚಿಸುತ್ತಾನೆ, ಎರಡನೆಯವನು ಬುಡವನ್ನು ಕಡಿಯಬೇಕೆಂದು, ಮೂರನೆಯವನು ಕೊಂಬೆಯನ್ನು, ನಾಲ್ಕನೆಯವನು ರೆಂಬೆಯನ್ನು ಕಡಿಯಬೇಕೆಂದು, ಐದನೆಯವನು ಹಣ್ಣನ್ನಷ್ಟೇ ಕೀಳಬೇಕೆಂದು ಯೋಚಿಸುತ್ತಾರೆ. ಆರನೆಯವನು ತಾನಾಗಿ ನೆಲಕ್ಕೆ ಬಿದ್ದಿರುವುದನ್ನು ಆಯ್ದುಕೊಂಡರೆ ಸಾಕೆನ್ನುತ್ತಾನೆ. ಮೊದಲನೆಯವನ ಮನಸ್ಸಿನ ಬಣ್ಣ ಕಪ್ಪು, ಕೊನೆಯವನದು ಬಿಳಿ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ವರ್ಣಚಿತ್ರಗಳಲ್ಲಿ ಈ ಮರವೂ ಆರು ಜನರೂ ಇದ್ದಾರೆ. ಮಠದ ಗೋಡೆಯನ್ನು ಸಿಂಗರಿಸಲು ಬರೆಸಿದ ಚಿತ್ರವೇ ಎಷ್ಟು ಬಯಸಬೇಕೆಂಬುದನ್ನೂ ಹೇಳುತ್ತಿರುವುದು ಅಲಂಕಾರದ ವಿರುದ್ಧ ಧರ್ಮವು ಸದಾ ಮುಖ ತಿರುಗಿಸಿ ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಹಳೆಯ ಸೋಫಾವನ್ನು ಇಟ್ಟುಕೊಂಡ ಮಾತ್ರಕ್ಕೆ ಶುಕ್ಲಲೇಶ್ಯೆ ಬಂದುಬಿಡುತ್ತದೆಯೆಂದು ಇದರ ಅರ್ಥವಲ್ಲ. ಬಿದ್ದ ಹಣ್ಣನ್ನು ಆಯ್ದುಕೊಂಡು ಅದಕ್ಕೊಪ್ಪುವ ತಟ್ಟೆ, ತಟ್ಟೆಗೊಪ್ಪುವ ಮೇಜು ಎಂದು ಹೊರಡುವವನು ಆರನೆಯವನ ವೇಷದ ಮೊದಲನೆಯವನೇ ಆಗಿರುತ್ತಾನೆ. ಇದ್ದದ್ದಕ್ಕೆ ಹೊಂದಿಸುವ ಹೆಸರಿನಲ್ಲಿ ಉಳಿದದ್ದನ್ನೆಲ್ಲ ಎಸೆದು ಹೊಸದು ತುಂಬಿಕೊಳ್ಳುವ ಮನೆಗಳು ಎಷ್ಟೋ ಇವೆ, ಮತ್ತು ಅಂಥಲ್ಲಿ ಸೋಫಾ ಒಂದು ನೆಪ. ಇದಕ್ಕೆ ಪ್ರತಿಯಾಗಿ, ಬಡತನದಿಂದ ಇದ್ದದ್ದರಲ್ಲೇ ಉಳಿದವರ ಸ್ಥಿತಿಯನ್ನು ಸಂತೋಷವೆಂಬ ಗುಣವಾಗಿ ಹೊಗಳುವುದೂ ಅನ್ಯಾಯ. ಬೇರೆಯದನ್ನು ತರಬಲ್ಲವನು ತರದೆ ಬಿಟ್ಟಾಗಲೇ ಅಪರಿಗ್ರಹವೆಂಬ ಮಾತಿಗೆ ಬೆಲೆ.

ದಿದೆರೊ ಎಲ್ಲವನ್ನೂ ಬಿಟ್ಟುಕೊಡಲಿಲ್ಲ ಎಂಬುದನ್ನು ಅವನ ಕತೆ ಹೇಳುವವರು ಬಹಳ ಸಲ ಮರೆಯುತ್ತಾರೆ. ಹಳೆಯ ನೆಲಹಾಸೊಂದನ್ನು ಅವನು ಬೇಕೆಂದೇ ಉಳಿಸಿಕೊಂಡ. ಹೊಸ ಕೋಣೆಯ ಸಿರಿಗೆ ಅದು ಒಪ್ಪುತ್ತಿರಲಿಲ್ಲ. ಒಪ್ಪದಿರುವುದೇ ಅದರ ಉಪಯೋಗವಾಗಿತ್ತು, ಏಕೆಂದರೆ ಪ್ರತಿದಿನ ಬೆಳಿಗ್ಗೆ ಕಡುಗೆಂಪು ಅಂಗಿಯಲ್ಲಿ ಅದರ ಮೇಲೆ ಕಾಲಿಟ್ಟಾಗ ತಾನು ಎಲ್ಲಿಂದ ಬಂದವನೆಂಬುದು ನೆನಪಾಗಬೇಕೆಂದು ಅವನ ಎಣಿಕೆ. ಗೃಹಾಲಂಕಾರದ ದೃಷ್ಟಿಯಿಂದ ಇದು ಶುದ್ಧ ತಪ್ಪು. ಆ ಕೋಣೆಯಲ್ಲಿ ಶೇಷಿಯಾರೆಂಬುದನ್ನು ಬಲ್ಲದ್ದು ಮಾತ್ರ ಆ ನೆಲಹಾಸೊಂದೇ.

ಉಳಿದಿರುವುದು ಒಂದು ತೊಡಕು: ಹೊಂದಿಸುವುದಕ್ಕೆ ಆಧಾರವಾದ ಬಣ್ಣ ಇದ್ದ ಹಾಗೆಯೇ ಇರುವುದಿಲ್ಲ. ತೇಜಸ್ಸಿನ, ಅಂದರೆ ಬಿಸಿಯ, ಸಂಯೋಗದಿಂದ ಪೃಥಿವಿಯ, ಅಂದರೆ ಮಣ್ಣಿನಂಶದ, ವಸ್ತುಗಳಲ್ಲಿ ಬಣ್ಣ ಬದಲಾಗುವುದಕ್ಕೆ ನ್ಯಾಯ ವೈಶೇಷಿಕರು ‘ಪಾಕ’ ಎಂದರು. ಹಸಿಮಣ್ಣಿನ ಕಪ್ಪು ಮಡಕೆ ಆವಿಗೆಯಲ್ಲಿ ಬೆಂದು ಕೆಂಪಾಗುವುದು, ಮಾವಿನಕಾಯಿಯ ಹಸಿರು ಹಳದಿಯಾಗುವುದು ಅದಕ್ಕೆ ಉದಾಹರಣೆ. ವೈಶೇಷಿಕರದು ‘ಪೀಲುಪಾಕ’ವಾದ: ಪೀಲು ಎಂದರೆ ಪರಮಾಣು, ಬೆಂಕಿಯಲ್ಲಿ ಮಡಕೆ ಪರಮಾಣುಗಳವರೆಗೆ ಒಡೆದು, ಅವುಗಳ ಬಣ್ಣ ಬದಲಾಗಿ, ಮತ್ತೆ ಸೇರಿ ಹೊಸ ಮಡಕೆಯೇ ಹುಟ್ಟುತ್ತದೆ, ಆದರೆ ಎಷ್ಟು ಬೇಗ ಎಂದರೆ ಕಣ್ಣಿಗೆ ತಿಳಿಯುವುದಿಲ್ಲ, ಇದಕ್ಕೆ 9 ಕ್ಷಣಗಳು ಬೇಕೇ, 10 ಬೇಕೇ, 11 ಬೇಕೇ ಎಂದು ಕೂಡ ಗ್ರಂಥಕಾರರು ಲೆಕ್ಕ ಹಾಕಿದ್ದಾರೆ. ನೈಯಾಯಿಕರದು ‘ಪಿಠರಪಾಕ’ವಾದ: ಪಿಠರವೆಂದರೆ ಮಡಕೆ, ಮಡಕೆ ಅದೇ, ಬಣ್ಣ ಮಾತ್ರ ಬೇರೆ. ಪಡುವಣ ಕಿಟಕಿಯ ಪಕ್ಕದ ಸೋಫಾ ಹತ್ತು ಬೇಸಿಗೆಗಳ ಬಿಸಿಲಿಗೆ ಬೇಯುತ್ತಾ ಬಂದು, ಮರೂನಿನಿಂದ ಒಣಗಿದ ಇಟ್ಟಿಗೆಯ ಬಣ್ಣಕ್ಕೆ ಇಳಿದಿರುವಾಗ, ಗೋಡೆ ಮತ್ತು ಪರದೆಗಳು ಆರಿಸಲ್ಪಟ್ಟದ್ದು ಯಾವ ಸೋಫಾಕ್ಕಾಗಿ ಎಂಬ ಪ್ರಶ್ನೆಗೆ ಈ ಎರಡು ಪಕ್ಷಗಳೂ ಎರಡು ಉತ್ತರ ಕೊಡುತ್ತವೆ. ದಿಂಬನ್ನು ಎತ್ತಿ ನೋಡಿದರೆ ಅದರ ಅಡಿಯಲ್ಲಿ ಮೊದಲಿನ ಬಣ್ಣ ಚೌಕವಾಗಿ ಹಾಗೇ ಉಳಿದಿರುತ್ತದೆ.

ಇದಾಗಬಾರದೆಂದೇ ಎಷ್ಟೋ ಮನೆಗಳಲ್ಲಿ ಸೋಫಾ ತಂದ ವಾರದಲ್ಲೇ ಅದರ ಮೇಲೆ ಹಳೆಯ ಹಾಸುಬಟ್ಟೆಯೋ, ಹೊಲಿಸಿದ ಕವರೋ ಬೀಳುತ್ತದೆ. ಕಣ್ಣಿಗೂ ರೂಪಕ್ಕೂ ಸಂಪರ್ಕವಿಲ್ಲದಿದ್ದರೂ ರೂಪ ಅಲ್ಲಿ ಇದ್ದೇ ಇದೆಯೆಂಬ ನೈಯಾಯಿಕರ ನಂಬಿಕೆಯಲ್ಲೇ ಆ ಮನೆಗಳು ನಡೆಯುತ್ತವೆ. ವರ್ಷದ ಬಹುಪಾಲು ದಿನ ಯಾರಿಗೂ ಕಾಣದ ಒಂದು ಬಣ್ಣಕ್ಕೆ ಗೋಡೆಯೂ ಪರದೆಯೂ ಹೊಂದಿಕೊಂಡು ನಿಂತಿರುತ್ತವೆ. ಬಾಗಿಲಲ್ಲಿ ನೆಂಟರ ದನಿ ಕೇಳಿ, ಆ ಹೊದಿಕೆಯನ್ನು ಅವಸರವಾಗಿ ಸೆಳೆದು, ಮುದ್ದೆ ಮಾಡಿ ಒಳಕೋಣೆಗೆ ಒಯ್ಯುವಾಗ, ಬಂದವರಷ್ಟೇ ಕುತೂಹಲದಿಂದ ಮನೆಯ ಮಕ್ಕಳೂ ಸೋಫಾದ ಕಡೆ ತಿರುಗಿ ನೋಡುತ್ತಾರೆ.